ನಿಮಿಷದ ಮೇಡಂ
ನರ್ಸಿಂಗ್ ಹುಡುಗಿಯರು ಬೆನ್ನ ಹಿಂದೆ ‘ನಿಮಿಷದ ಮೇಡಂ’ ಎಂದು ಕರೆಯುವ ಈ ಟೀಚರಿಗೆ, ನಾಡಿಯಾಗಲಿ ಉಸಿರಾಗಲಿ ಪೂರ್ತಿ ಒಂದು ನಿಮಿಷ ಎಣಿಸದೆ ಬರೆದರೆ ಕಲಬೆರಕೆ ಮಾಲು ಕಂಡಷ್ಟು ಸಿಟ್ಟು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದವಳನ್ನು, "ಮಿಕ್ಕ ಮುಕ್ಕಾಲು ನಿಮಿಷ ರೋಗಿ ರಜಾ ಹಾಕಿದ್ರೇನಮ್ಮ?" ಎಂದು ವಿಚಾರಿಸಿಕೊಳ್ಳುತ್ತಾರೆ. ಚಾರ್ಟಿನಲ್ಲಿ ಎಲ್ಲರ ಉಸಿರೂ ಇಪ್ಪತ್ತೇ ಇದ್ದರಂತೂ ಮುಗಿಯಿತು: "ಹನ್ನೆರಡು ಹಾಸಿಗೆಯವರೂ ಸೇರಿ ಕವಾಯತು ಮಾಡ್ತಿದ್ದಾರಾ, ತಾಯಿ?" ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರಾಟವೇ ಬದಲಾಗುತ್ತದೆ, ಅದಕ್ಕೇ ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದು, ಕಳ್ಳಗಣ್ಣಿನಲ್ಲಿ ಎದೆಯ ಏರಿಳಿತ ಎಣಿಸಬೇಕೆಂಬುದು ಅವರ ಮೊದಲ ಪಾಠ. ಮನೆಯಲ್ಲಿ ಅವರು ಕೈ ಹಿಡಿದರೆ ಗಂಡ, "ಇದು ಪ್ರೀತಿನೋ ತಪಾಸಣೆನೋ ಮೊದಲು ಹೇಳಿಬಿಡೇ" ಅನ್ನುತ್ತಾರಂತೆ. ಮೊನ್ನೆ ವಾರ್ಡಿನಲ್ಲಿ ಮೇಡಂ, ಮರುದಿನದ ಆಪರೇಷನ್ನಿಗೆ ಹೆದರಿ ಮನೆಗೆ ಹೋಗುತ್ತೇನೆಂದು ಹಟ ಹಿಡಿದಿದ್ದ ಮುದುಕರೊಬ್ಬರ ಮಣಿಕಟ್ಟು ಹಿಡಿದು ಕೂತರು. ನಿಮಿಷ ಮುಗಿದು, ಮೇಡಂ ಮೆಲ್ಲಗೆ ಹೇಳಿದ ಅಂಕಿಯನ್ನು ಪಕ್ಕದ ಹುಡುಗಿ ಬರೆದುಕೊಂಡೂ ಆಯಿತು. ಮುದುಕರ ಬೆರಳುಗಳು ಮಾತ್ರ ಮೇಡಂ ಕೈಯನ್ನು ಬಿಡಲಿಲ್ಲ. "ನಾಡಿ ನೋಡಿ ಆಯ್ತೇನಮ್ಮ?" ಎಂದು ಅಂಜುತ್ತಲೇ ಕೇಳಿದರು. "ಎಲ್ಲಿ ಯಜಮಾನ್ರೇ, ನಡುವೆ ಲೆಕ್ಕ ತಪ್ಪಿಹೋಯ್ತು. ಮೊದಲಿಂದ ಎಣಿಸ್ತೀನಿ, ನೀವು ಆರಾಮಾಗಿ ಮಲಗಿ" ಎಂದರು ಮೇಡಂ.