ಮಾಳಿಗೆಯ ಮೇಲಿನ ಇಪ್ಪತ್ತು ಎಕರೆ

ಸಿರಿತನವನ್ನು ಎಷ್ಟು ಮುಚ್ಚಿಟ್ಟರೂ ಬಲ್ಲವನ ಕಣ್ಣಿಗೆ ಅದು ಬೀಳದೆ ಇರಲಾರದು. ಮನುಷ್ಯನ ನಡಿಗೆಯಲ್ಲಿ, ಮನೆಯ ಹೊಸ್ತಿಲಲ್ಲಿ, ಬಿಸಿಲಿಗೆ ಒಣಹಾಕಿದ ವಸ್ತುವಿನಲ್ಲಿ ಅದು ತನ್ನ ಗುರುತು ಬಿಟ್ಟೇ ಬಿಡುತ್ತದೆ. ಈ ಸತ್ಯವನ್ನು ನಾನು ಕಂಡುಕೊಂಡದ್ದು ನೀರಿನ ಟ್ಯಾಂಕಿನ ನೆರಳಿನಲ್ಲಿ, ಊಟವಾದ ಮೇಲೆ, ಕಣ್ಣು ಮುಚ್ಚಿಕೊಂಡಿದ್ದಾಗ.

ನಾವಿರುವುದು ಬೀದರಿನ ಹೊರವಲಯದಲ್ಲಿ, ಸರ್ಕಾರ ಬಡವರಿಗೆಂದು ಕಟ್ಟಿಸಿಕೊಟ್ಟ ಮನೆಗಳಲ್ಲಿ. ಮೂರು ಅಂತಸ್ತು, ಅಂತಸ್ತಿಗೆ ನಾಲ್ಕು ಮನೆ, ಎಲ್ಲಕ್ಕೂ ಒಂದೇ ಹಳದಿ ಬಣ್ಣ, ಒಂದೇ ಅಳತೆಯ ಕಿಟಕಿ. ನಾವೆಲ್ಲ ಬಡವರೆಂದು ಸರ್ಕಾರ ಮೊಹರು ಒತ್ತಿ ಒಪ್ಪಿಕೊಂಡಿದೆ. ಆದರೆ ಹನ್ನೆರಡು ಮನೆಯವರಲ್ಲಿ ಒಬ್ಬರೂ ಉಳಿದ ಹನ್ನೊಂದು ಮನೆಯವರ ಬಡತನವನ್ನು ಇನ್ನೂ ಒಪ್ಪಿಕೊಂಡಿಲ್ಲ. ಯಾರ ಮನೆಗಾದರೂ ಹೊಸ ಕುಕ್ಕರ್ ಬಂದರೆ ಅದರ ಸೀಟಿಯನ್ನು ಎಲ್ಲರೂ ಕಿವಿಗೊಟ್ಟು ಕೇಳುತ್ತಾರೆ, ಮೆಟ್ಟಿಲ ಮೇಲೆ ಮಾತು ನಿಲ್ಲುತ್ತದೆ.

ಒಬ್ಬೊಬ್ಬರದು ಒಂದೊಂದು ತಕ್ಕಡಿ. ಕೆಳಗಿನ ಮನೆಯ ಟೇಲರ್ ನನ್ನ ವಯಸ್ಸಿನವರು, ದಖ್ಖನಿ ಮಾತಿನವರು, ಸಂಜೆಯ ಚಹಾದ ಗೆಳೆಯರು. ಅವರು ಜನರನ್ನು ಅಂಗಿಯ ಹೊಲಿಗೆಯಿಂದ ಅಳೆಯುತ್ತಿದ್ದರು. ನಾನು ಲಗ್ನಪತ್ರಿಕೆಯ ಕಾಗದದಿಂದ ಅಳೆಯುತ್ತಿದ್ದೆ. ಊರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊದಲು ಅಚ್ಚುಮೊಳೆ ಜೋಡಿಸಿ, ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ಜೀವನವಿಡೀ ಲಗ್ನಪತ್ರಿಕೆಗಳನ್ನೇ ಬರೆದವನು ನಾನು. ‘ತಾವು ಸಹಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ’ ಎಂದು ಎಷ್ಟು ಸಾವಿರ ಮನೆಗಳ ಪರವಾಗಿ ಬೇಡಿಕೊಂಡಿದ್ದೇನೋ. ನನ್ನನ್ನು ಕರೆದವರು ಕೆಲವರೇ.

ಮೂರನೆಯ ಅಂತಸ್ತಿನಲ್ಲಿ ನಮ್ಮ ಬಾಗಿಲಿಗೆ ಎದುರಾಗಿ ಒಬ್ಬ ಹೆಣ್ಣುಮಗಳು ಬಂದು ನೆಲೆಸಿದಳು. ಔರಾದ್ ಕಡೆಯವಳು, ನಲವತ್ತರ ಆಸುಪಾಸು, ಗಂಡನಿಲ್ಲ. ಮಗಳು ಭಾಲ್ಕಿಯಲ್ಲಿ ಸರ್ಕಾರಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಈಕೆ ಬೆಳಗಾಗುವ ಮೊದಲೇ ಮನೆ ಬಿಡುತ್ತಿದ್ದಳು. ಒಂದು ದಿನ ನನ್ನ ಹೆಂಡತಿ ಕೇಳಿದಳು.

“ಇಷ್ಟ ಲಗೂನ ಎಲ್ಲಿಗಿ ಹೊಂಟೀಯವ್ವಾ?”

“ಗಂಜಿಗೆ ಹೋಗ್ತೇನಿ ಕಾಕು.”

ಮೈಸೂರು ಕಡೆಯವರು ಕೇಳಿದ್ದರೆ, ಪಾಪ, ಕುಡಿಯುವ ಗಂಜಿಗೆ ಹೊರಟಳೆಂದು ಮರುಗುತ್ತಿದ್ದರು. ಬೀದರಿನವರಾದ ನಮಗೆ ಅಂಥ ತಪ್ಪು ತಿಳಿವಳಿಕೆಯಾಗುವ ಸಂಭವವಿರಲಿಲ್ಲ. ಗಂಜ್ ಎಂದರೆ ಗಾಂಧಿ ಗಂಜ್. ಜಿಲ್ಲೆಯ ಕಾಳುಕಡಿಯೆಲ್ಲ ಬಂದು ರಾಶಿ ಬೀಳುವ ಪೇಟೆ. ನಮ್ಮಲ್ಲಿ ‘ಗಂಜಿಗೆ ಹೋಗಿದ್ದೆ’ ಎಂದು ಒಬ್ಬರು ಹೇಳಿದರೆ, ಅವರ ಹೊಲದ ಮಾಲು ಪೇಟೆಗೆ ಬಂದಿದೆ ಎಂದರ್ಥ. ವರ್ಷಕ್ಕೆ ಎರಡು ಸಲ ಹೋಗುವವನು ರೈತ. ಎಂಟು ಸಲ ಹೋಗುವವನು ದೊಡ್ಡ ರೈತ. ಈಕೆ ದಿನಾ ಹೋಗುತ್ತಿದ್ದಳು.

ಸಾಕ್ಷಿ ಮಾಳಿಗೆಯ ಮೇಲೆಯೇ ಇತ್ತು. ನನಗೆ ಮಧ್ಯಾಹ್ನ ಅಲ್ಲಿ ಚಾಪೆ ಹಾಸಿ ಮಲಗುವ ರೂಢಿ. ಸಂಕ್ರಾಂತಿ ಕಳೆದ ಮೇಲಿನ ಬಿಸಿಲು, ಹೊದ್ದುಕೊಳ್ಳಬಹುದು ಎನ್ನುವಷ್ಟು ಮೆತ್ತಗಿರುತ್ತದೆ. ದೂರದಲ್ಲಿ ಕೋಟೆಯ ಕಡೆ ಕೆಂಪು ಧೂಳು ಎದ್ದು ಅಲ್ಲೇ ನಿಂತಿರುತ್ತದೆ. ಗುಮ್ಮಟಗಳು ಆ ಧೂಳಿನ ಮೇಲೆ ತೇಲುತ್ತಿರುವಂತೆ ಕಾಣುತ್ತವೆ. ಆ ಹೊತ್ತಿಗೆ ಮಾಳಿಗೆಯ ತುಂಬ ಹಳೆಯ ಸೀರೆಗಳು ಹರಡಿರುತ್ತಿದ್ದವು. ಅವುಗಳ ಮೇಲೆ ತೊಗರಿ, ಕಡಲೆ, ಹೆಸರು, ಉದ್ದು, ಸೋಯಾ, ಜೋಳ, ಮೂಲೆಯಲ್ಲಿ ಮುಷ್ಟಿಯಷ್ಟು ಕುಸುಬಿ. ಕೆಂಪು, ಹಳದಿ, ಹಸಿರು, ಕಪ್ಪು, ಬಿಳಿ. ಎಲ್ಲ ಬೇರೆ ಬೇರೆ, ಸಣ್ಣ ಸಣ್ಣ ರಾಶಿ. ಗಾಳಿ ಬಂದರೆ ಸೀರೆಯ ಸೆರಗು ಏಳುತ್ತಿತ್ತು, ಕಾಳು ಕದಲುತ್ತಿರಲಿಲ್ಲ.

ಕಣ್ಣು ಮುಚ್ಚಿದರೆ ಆ ರಾಶಿಗಳು ಹರಡಿಕೊಳ್ಳುತ್ತಿದ್ದವು. ಉದ್ದಿನ ರಾಶಿ ಕರಗಿ ಕರಿ ಮಣ್ಣಾಗುತ್ತಿತ್ತು, ಹೆಸರಿನದು ಅದರ ಮೇಲೆ ಚಿಗುರುತ್ತಿತ್ತು. ನಾನು ಹುಟ್ಟಿದ್ದು ಸಂತಪುರದ ಹತ್ತಿರ. ನಮ್ಮಪ್ಪ ಶಾಲೆಯ ಗಂಟೆ ಹೊಡೆಯುತ್ತಿದ್ದ ಜವಾನ. ನಮಗೆ ಅಂಗೈ ಅಗಲ ಹೊಲವೂ ಇರಲಿಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ಯಾರದೋ ತೊಗರಿ ಹೊಲವಿತ್ತು. ಅದರ ಬದುವಿನ ಮೇಲೆ ನಡೆಯುವಾಗ ಎರಡೂ ಕಡೆಯ ಗಿಡ ನನ್ನ ತಲೆಗಿಂತ ಎತ್ತರ, ಒಳಗೆಲ್ಲೋ ಕಾಯಿ ಗಲಗಲ ಅನ್ನುತ್ತಿತ್ತು. ಆ ಹೊಲವನ್ನು ನಾನು ಮೊದಲನೆಯ ದಿನವೇ ಈಕೆಗೆ ಕೊಟ್ಟುಬಿಟ್ಟೆ. ನಾಲ್ಕು ಎಕರೆ ಇದ್ದೀತು.

ಮರುದಿನ ಕಡಲೆಗೆ ಜಾಗ ಬೇಕಾಯಿತು. ಖಟಕ ಚಿಂಚೋಳಿಯ ಕಡೆ, ಬಸ್ಸಿನ ಕಿಟಕಿಯಿಂದ ಎಂದೋ ನೋಡಿದ್ದ ಕರಿ ಎರೆ ಹೊಲ ಕೊಟ್ಟೆ. ಒಬ್ಬಳಿಗೆ ಎರಡು ತಾಲೂಕಿನಲ್ಲಿ ಜಮೀನು ಹೇಗೆಂದು ಯಾರೂ ಕೇಳಲಿಲ್ಲ. ನಿದ್ದೆಯಲ್ಲಿ ತಹಶೀಲ್ದಾರರು ಬರುವುದಿಲ್ಲ, ಪಹಣಿ ತೋರಿಸಬೇಕಾಗಿಲ್ಲ. ವಾರದೊಳಗೆ ಒಂದು ಬಾವಿ ತೋಡಿಸಿದೆ, ಇಳಿಯಲು ಕಲ್ಲಿನ ಮೆಟ್ಟಿಲು ಇಡಿಸಿದೆ. ಬಾವಿಯ ಬಳಿ ಒಂದು ಮಾವಿನ ಗಿಡ. ನೆರಳು ಬೇಕಲ್ಲ, ನಾನು ಅಲ್ಲಿಯೂ ಮಲಗುವವನೇ. ಕೊನೆಗೆ ಲೆಕ್ಕ ಹಾಕಿದಾಗ ಆಕೆಯ ಜಮೀನು ಇಪ್ಪತ್ತು ಎಕರೆಗೆ ನಿಂತಿತ್ತು. ಯಾವ ಸರ್ಕಾರವೂ ಬಡವರಿಗೆ ಇಷ್ಟು ಧಾರಾಳವಾಗಿ ಭೂಮಿ ಹಂಚಿದ್ದು ನನಗೆ ತಿಳಿಯದು.

ಕಷ್ಟವೇನೆಂದರೆ, ಎಚ್ಚರವಾದ ಮೇಲೂ ಆ ಜಮೀನು ಆಕೆಯ ಹೆಸರಿನಲ್ಲೇ ಉಳಿಯುತ್ತಿತ್ತು. ಇಪ್ಪತ್ತು ಎಕರೆಯ ಒಡತಿ ನಮ್ಮಂಥ ಬಡವರ ಪಾಲಿನ ಮನೆಯಲ್ಲಿ ಬಂದು ಕೂತಿದ್ದಾಳಲ್ಲ ಎಂದು ಮೆಟ್ಟಿಲಿಳಿಯುವಾಗ ನನಗೆ ಸಿಟ್ಟು ಬರುತ್ತಿತ್ತು.

ಆಕೆ ಆಗಾಗ ಒಂದು ತಂಬಿಗೆ ಹೆಸರುಕಾಳು ತಂದು ನಮ್ಮ ಮನೆಗೆ ಕೊಡುತ್ತಿದ್ದಳು. ದೊಡ್ಡ ಹೊಲದವರ ಕೈ ದೊಡ್ಡದು ಎಂದು ನಾನು ತಿಳಿದೆ. ನನ್ನ ಹೆಂಡತಿ ಕಾಳನ್ನು ಮೊರದಲ್ಲಿ ಹಾಕಿಕೊಂಡು ಬೆರಳಾಡಿಸಿದಳು.

“ಏನ್ರಿ, ಈ ಹೆಸರಿನ್ಯಾಗ ನಾಕು ತೊಗರಿ ಅವ, ಎರಡು ಕಡಲಿ ಅವ. ಹೆಸರು ಬರೋದು ಮಳಿಗಾಲಕ್ಕ, ಕಡಲಿ ಬರೋದು ಚಳಿಗಾಲಕ್ಕ. ಎರಡೂ ಕೂಡಿ ಹ್ಯಾಂಗ ಬೆಳದಾವ?”

“ಅದಕ್ಕ ಅಕ್ಕಡಿ ಸಾಲು ಅಂತಾರ. ದೊಡ್ಡ ಹೊಲದವರು ಒಂದರ ನಡುವ ಒಂದು ಬಿತ್ತತಾರ.”

“ಒಂದೆರಡು ಕಲ್ಲೂ ಅವ. ಕಲ್ಲೂ ಬಿತ್ತತಾರೇನು?”

ನನ್ನ ಹೆಂಡತಿಗೆ ಕೃಷಿಶಾಸ್ತ್ರದಲ್ಲಿ ಆಸಕ್ತಿ ಕಡಿಮೆ.

ಅಷ್ಟರಲ್ಲಿ ಕೆಳಗಿನ ಗೋಡೆಗೆ ಒಂದು ನೋಟಿಸು ಅಂಟಿತು. ಮನೆಗಳ ಹಕ್ಕುಪತ್ರ ಕೊಡುವ ಕಾಲ ಬಂದಿದೆ. ಜಮೀನುದಾರರು ಯಾರಾದರೂ ಬಡವರೆಂದು ಹೇಳಿ ಮನೆ ಪಡೆದಿದ್ದರೆ ತಿಳಿಸಬೇಕು. ವಿಚಾರಣೆ ಮಾಡಿ ಮನೆ ಹಿಂದಕ್ಕೆ ಪಡೆಯಲಾಗುವುದು. ಟೇಲರ್ ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದರು.

“ಭಾಯಿಸಾಬ್, ಮ್ಯಾಲಿನ ಮನೀ ಹೆಣ್ಣಮಗಳದು ನನಗ ತಿಳಿಯವಲ್ದು ನೋಡ್ರಿ. ಕಪಡಾ ನೋಡಿದ್ರ ಗರೀಬರದು, ಮಾಳಿಗಿ ಮ್ಯಾಲಿನ ಅನಾಜ್ ನೋಡಿದ್ರ ಸೇಠರದು.”

“ಕಪಡಾ ಬೇಕಂತಲೇ ಹಂಗ ಉಡ್ತಾಳ್ರಿ,” ಅಂದೆ.

“ಹಂಗಾದ್ರ ಬರೀರಿ. ಕಲಮ್ ನಿಮ್ದು ಅದ. ನಾ ಬರದ್ರ ಪಾಯಜಾಮದ ಅಳತಿ ಬರೀಬೇಕಾಗ್ತದ.”

ಬರೆದೆ. ಬಹಳ ದಿನಗಳ ಮೇಲೆ ಕೈಗೆ ಕೆಲಸ ಸಿಕ್ಕಿತ್ತು. ಬರವಣಿಗೆ ತಾನೇ ಹಳೆಯ ಹಾದಿ ಹಿಡಿಯಿತು. ‘ಸದರಿ ಮಹಿಳೆಯು ಇಪ್ಪತ್ತು ಎಕರೆ ಫಲವತ್ತಾದ ಭೂಮಿಯ ಒಡತಿಯಾಗಿದ್ದು, ಸಪ್ತಧಾನ್ಯಗಳ ರಾಶಿಗಳು ಪ್ರತಿನಿತ್ಯ ಮಧ್ಯಾಹ್ನದ ಶುಭವೇಳೆಯಲ್ಲಿ ಮಾಳಿಗೆಯ ಮೇಲೆ ಕಂಗೊಳಿಸುತ್ತವೆ. ಕಾರಣ ತಾವು ಸಹಸಿಬ್ಬಂದಿ ಸಪರಿವಾರ ಸಮೇತರಾಗಿ ಆಗಮಿಸಿ, ಸ್ಥಳಪರಿಶೀಲನೆಯನ್ನು ನಡೆಸಿಕೊಟ್ಟು, ನಮ್ಮನ್ನು ಕೃತಾರ್ಥರನ್ನಾಗಿಸಬೇಕಾಗಿ ವಿನಂತಿ.’ ಕೆಳಗೆ ‘ತಮ್ಮ ಆಗಮನಾಭಿಲಾಷಿಗಳು’ ಎಂದು ಬರೆದು, ಹೆಸರು ಹಾಕದೆ, ಅಂಚೆಗೆ ಹಾಕಿ ಬಂದೆ. ಅಕ್ಷರದೋಷ ಒಂದೂ ಇರಲಿಲ್ಲ.

ಹತ್ತು ಹನ್ನೆರಡು ದಿನಗಳ ನಂತರ ಒಬ್ಬ ಅಧಿಕಾರಿ ಬಂದರು. ಭಾಲ್ಕಿ ಕಡೆಯ ತರುಣ, ಕಂಕುಳಲ್ಲಿ ಫೈಲು. ಮಧ್ಯಾಹ್ನದ ಊಟ ಮುಗಿಸಿ ನಾನು ಚಾಪೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಹಿಂದಿನಿಂದ ಕರೆದರು.

“ಕಾಕಾರ, ಈ ಅರ್ಜಿ ನಿಮ್ಮದಲ್ರಿ?”

“ಕೆಳಗ ಹೆಸರಿಲ್ಲಲ್ರಿ.”

“ಹೆಸರು ಯಾಕ ಬೇಕ್ರಿ? ‘ಸಹಸಿಬ್ಬಂದಿ ಸಪರಿವಾರ’ ಅಂತ ಕಚೇರಿಯವರನ್ನ ಕರಿಯೋರು ಜಿಲ್ಲಾದಾಗ ಎಷ್ಟ ಮಂದಿ ಇದ್ದಾರ? ನನ್ನ ಲಗ್ನಪತ್ರಿಕಿ ನೀವೇ ಬರದದ್ರಿ. ನಮ್ಮಪ್ಪ ಅದಕ್ಕ ಫ್ರೇಮ್ ಹಾಕ್ಸ್ಯಾರ.”

ನನ್ನ ಬರಹಕ್ಕೆ ಸಿಕ್ಕ ಮೊದಲ ಮೆಚ್ಚುಗೆ ಅದು. ಇನ್ನೊಂದು ಸಂದರ್ಭದಲ್ಲಿ ಸಿಕ್ಕಿದ್ದರೆ ಚೆನ್ನಾಗಿತ್ತು.

“ದೊಡ್ಡವರಿದ್ದೀರಿ, ಸಾಕ್ಷಿಗಿ ನೀವೇ ಪಂಚರಾಗ್ರಿ,” ಎಂದು ಅವರು ನನ್ನನ್ನು ಮುಂದೆ ಮಾಡಿಕೊಂಡು ಮೇಲೆ ಹತ್ತಿದರು. ಟೇಲರ್ ಸೂಜಿ ಅಂಗಿಗೆ ಚುಚ್ಚಿಕೊಂಡು ಹಿಂದೆ ಬಂದರು.

ಆಕೆ ಆಗಷ್ಟೇ ಪೇಟೆಯಿಂದ ಬಂದಿದ್ದಳು. ಒಂದು ಕಡೆ ನಿನ್ನೆ ಆರಿಸಿದ ಕಾಳು ಎಂದಿನಂತೆ ರಾಶಿರಾಶಿಯಾಗಿ ಒಣಗುತ್ತಿತ್ತು. ಇನ್ನೊಂದು ಕಡೆ ಕಟ್ಟಿದ ಚೀಲ ಇಳಿಸಿ, ಆಕೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಅಧಿಕಾರಿ ಅರ್ಜಿಯನ್ನು ಪೂರ್ತಿ ಓದಿದರು. ಗಟ್ಟಿಯಾಗಿ ಓದಿದಾಗ ಅದು ಇನ್ನೂ ಚೆನ್ನಾಗಿತ್ತು. ಕೇಳಲು ಮಾತ್ರ ಆಗುತ್ತಿರಲಿಲ್ಲ.

“ನಿಮ್ಮ ಹೊಲ ಎಲ್ಲಿ ಅದರಿ?” ಎಂದು ಕೇಳಿದರು.

ಆಕೆ “ಗಂಜಿನ್ಯಾಗ,” ಅಂದಳು. ಆಮೇಲೆ ಚೀಲದ ಬಾಯಿ ಬಿಚ್ಚಿ ಹಾಸಿದ ಸೀರೆಯ ಮೇಲೆ ಸುರಿದಳು. ಏಳೂ ಧಾನ್ಯ ಒಂದರೊಳಗೊಂದು ಬೆರೆತು ಬಿದ್ದವು. ಜೊತೆಗೆ ಮಣ್ಣು, ಕಲ್ಲು, ಸುತಳಿಯ ತುಂಡು, ಬೀಡಿಯ ಚೂರು. ಕಡೆಗೆ ಚೀಲದ ತಳದಿಂದ ಒಂದು ಮೋಟು ಕಸಬರಿಗೆ ಜಾರಿ ಬಿತ್ತು.

“ಹಮಾಲರು ಚೀಲ ಒಗಿತಾರ, ಕಾಳು ಚೆಲ್ತಾವ. ಲಾರಿ ಹೋದ ಮ್ಯಾಲ ನಾವು ಐದಾರು ಮಂದಿ ಹೆಣ್ಣಮಕ್ಕಳು ನೆಲ ಉಡಗತೇವಿ. ಮನಿಗಿ ತಂದು ಕೇರಿ, ಆರಿಸಿ, ತೊಳದು ಇಲ್ಲಿ ಒಣ ಹಾಕ್ತೇನಿ. ಇದರ ಮ್ಯಾಲೇ ಮಗಳ ಓದು, ನನ್ನ ಊಟ. ಈ ಮನಿ ಹೋದ್ರ ಕಾಳು ಹರವಲಿಕ್ಕ ಮಾಳಿಗಿ ಇಲ್ರಿ ಸಾಹೇಬ್ರ.” ಕಸಬರಿಗೆ ಎತ್ತಿ ಗೋಡೆಗೆ ಒರಗಿಸಿದಳು. “ಇಪ್ಪತ್ತ ಎಕರೆ ಎಲ್ಲಿ ಅದ ಅಂತ ಬರದವರನ್ನ ಕೇಳ್ರಿ. ಅವರು ಹಾದಿ ತೋರಿಸಿದ್ರ ನಾನೂ ಒಮ್ಮಿ ಹೋಗಿ ನೋಡಿ ಬರ್ತೇನಿ.”

ಮೈಸೂರು ಕಡೆಯವರೇ ಸರಿಯಾಗಿ ತಿಳಿಯುತ್ತಿದ್ದರು.

ಟೇಲರ್ ಕೋಟೆಯ ಕಡೆ ನೋಡತೊಡಗಿದರು. ನನಗೆ ಆ ಹಾದಿ ಚೆನ್ನಾಗಿ ಗೊತ್ತಿತ್ತು. ಬದು, ಬಾವಿಯ ಮೆಟ್ಟಿಲು, ಮಾವಿನ ಗಿಡದ ನೆರಳು, ಎಲ್ಲ. ಸುರಿದ ಕಾಳಿನ ಮೇಲೆ ಧೂಳು ಮೆಲ್ಲಗೆ ಇಳಿಯುತ್ತಿದ್ದಂತೆ ಅವು ಒಂದೊಂದಾಗಿ ಹೋಗುತ್ತಿದ್ದವು. ತೊಗರಿ ಹೊಲ ಕೊನೆಗೆ ಹೋಯಿತು.

ಆಕೆ ನನ್ನ ಕಡೆ ತಿರುಗಿದಳು.

“ಮಧ್ಯಾಹ್ನ ಮಾಳಿಗಿ ಮ್ಯಾಗ ನಿಮ್ಮ ಹೊರ್ತ ಯಾರೂ ಇರಂಗಿಲ್ಲಲ್ರಿ ಕಾಕಾ.”

ನಾನು ಚಾಪೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದೆ.

“ಪಾರಿವಾಳ ಕಾಳು ತಿನ್ನಬಾರದಂತ ನೀವು ಬಿಸಲಾಗ ಇಲ್ಲೇ ಇರ್ತೀರಿ ಅಂತ ನಾ ತಿಳಕೊಂಡಿದ್ದೆ. ಅದಕ್ಕೇ ಕಾಕುಗ ಹೆಸರು ಕೊಡ್ತಿದ್ದೆ. ಪುಕ್ಕಟ ಕಾಯಿಸಬಾರದಲ್ರಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟು ದಿನ ನಾನು ತಿಂದದ್ದು ಜಮೀನುದಾರಳ ಕಾಣಿಕೆಯಲ್ಲ, ಕಾವಲಿನ ಕೂಲಿ. ಅದೂ ಮಾಡದ ಕಾವಲು. ಪಾರಿವಾಳಗಳು ನನ್ನ ಕಾಲ ಬಳಿಯೇ ಊಟ ಮುಗಿಸಿ ಹೋಗುತ್ತಿದ್ದವೋ ಏನೋ, ನಾನು ಆಗ ಬಾವಿ ತೋಡಿಸುತ್ತಿದ್ದೆ.

ಅಧಿಕಾರಿ ಫೈಲು ಬಿಚ್ಚಿ ಕಾಗದ ಪೆನ್ನು ನನ್ನ ಕೈಗೆ ಕೊಟ್ಟರು. “ಪಂಚನಾಮಾ ನೀವೇ ಬರೀರಿ.”

ನಾನು ‘ಸವಿನಯ’ ಎಂದು ಶುರು ಮಾಡಿದೆ.

“ಸಾದಾ ಬರೀರಿ ಕಾಕಾರ.”

ಹೊಡೆದು ಹಾಕಿ ಬರೆದೆ: ‘ಈಕೆಗೆ ಹೊಲ ಇಲ್ಲ. ದೂರು ಸುಳ್ಳು.’ ಅಲಂಕಾರವಿಲ್ಲದೆ ನಾನು ಬರೆದ ವಾಕ್ಯಗಳು ಅವೆರಡೇ ಇರಬೇಕು. ಅರ್ಜಿಗೆ ಹಾಕದ ಸಹಿಯನ್ನು ಅದರ ಕೆಳಗೆ ಹಾಕಿದೆ. ಆಕೆ ಆಗಲೇ ಕೂತು ಕಾಳಿನಿಂದ ಸುತಳಿ ಆರಿಸತೊಡಗಿದ್ದಳು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಒಲೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು, “ಕಲ್ಲು ಎಲ್ಲಿಂದ ಬಂದ್ವು ಅಂತ ತಿಳೀತಲ್ರಿ ಈಗ?”

ಆಮೇಲೂ ಮಧ್ಯಾಹ್ನ ಮಾಳಿಗೆಗೆ ಹೋಗುತ್ತೇನೆ, ಚಾಪೆ ಒಯ್ಯುವುದಿಲ್ಲ. ಟ್ಯಾಂಕಿನ ನೆರಳಿನಲ್ಲಿ ಕೂತು, ಪಾರಿವಾಳ ಬಂದರೆ ಟವೆಲ್ ಬೀಸುತ್ತೇನೆ. ಗುಮ್ಮಟಗಳು ಧೂಳಿನ ಮೇಲೆ ತೇಲುತ್ತಲೇ ಇರುತ್ತವೆ. ಕಣ್ಣು ಎಳೆದರೆ ದೂರದಲ್ಲೆಲ್ಲೋ ತೊಗರಿ ಕಾಯಿ ಗಲಗಲ ಅನ್ನುತ್ತದೆ, ಆಗ ಎದ್ದು ನಾಲ್ಕು ಹೆಜ್ಜೆ ಓಡಾಡುತ್ತೇನೆ. ಆಕೆ ಬರುತ್ತಾಳೆ, ಕಾಳು ಹರಡುತ್ತಾಳೆ, ಹೋಗುತ್ತಾಳೆ.

ಮರುತಿಂಗಳು ಆಕೆಗೆ ಹಕ್ಕುಪತ್ರ ಸಿಕ್ಕಿತು. ನಮ್ಮ ಮನೆಗೆ ಹೆಸರುಕಾಳು ಬರುವುದು ನಿಂತಿತು.