ಪಿಸ್ತೂಲಿನ ಕಿಟಕಿಯ ಜೀನಾ ಅತ್ತೆ

ಬೆಳಗಿನ ಐದೂವರೆ. ಖಾರ್ಕಿವ್‌ನ ಪೂರ್ವಕ್ಕೆ, ಫಿರಂಗಿ ಸದ್ದು ಕೇಳುವಷ್ಟು ದೂರದ ಪುಟ್ಟ ಪಟ್ಟಣದ ಪೊಲೀಸ್ ಠಾಣೆ. ನೆಲಮಾಳಿಗೆಯ ಆಯುಧ ಕೋಣೆಯ ಕಬ್ಬಿಣದ ಕಿಟಕಿ ಕಿರುಗುಟ್ಟುತ್ತಾ ತೆರೆಯುತ್ತದೆ. ಒಳಗೆ ಐವತ್ತೊಂಬತ್ತರ ಜಿನಾಯಿದಾ ಪಿಲಿಪಿವ್ನಾ, ಠಾಣೆಯವರ ಬಾಯಲ್ಲಿ ಜೀನಾ ಅತ್ತೆ. ಹೊರಗೆ ಆಕಳಿಸುತ್ತಾ ನಿಂತ ಪೊಲೀಸರ ಸಾಲು. ಒಬ್ಬೊಬ್ಬರೂ ತಮ್ಮ ಹೆಸರಿನ ಕಾರ್ಡು ಒಳಗೆ ತಳ್ಳುತ್ತಾರೆ. ಅತ್ತೆ ಅದನ್ನು ಗೂಡಿನಲ್ಲಿಟ್ಟು, ಅಲ್ಲಿದ್ದ ಪಿಸ್ತೂಲು ಕೊಡಬೇಕು. ಕೆಲಸ ಇಷ್ಟೇ. ಆದರೆ ಅತ್ತೆ ಅಷ್ಟಕ್ಕೇ ಬಿಡುವವರಲ್ಲ.

"ನಿನ್ನೆ ಸಂಜೆ ಏನು ತಿಂದ್ಯೋ?"

"ಆಲೂಗಡ್ಡೆ, ಅತ್ತೆ. ನಾನೇ ಹುರಿದೆ. ಸೀದುಹೋಯ್ತು."

"ಅದಕ್ಕೇ ನಿನಗಿನ್ನೂ ಹೆಣ್ಣು ಸಿಕ್ಕಿಲ್ಲ. ತಗೋ, ಹುಷಾರು."

ಸಾಲಿನಲ್ಲಿ ನಗು. ಪ್ರಶ್ನೆ ತಮಾಷೆಯದು, ಕಣ್ಣು ಮಾತ್ರ ತಮಾಷೆಯದಲ್ಲ. ಕೈ ನಡುಗುತ್ತಿದೆಯೇ, ಉತ್ತರ ತಡವಾಯಿತೇ, ನಿನ್ನೆಯೆಂಬುದು ನೆನಪಿದೆಯೇ? ದಿನಕ್ಕೆ ನಲವತ್ತೊಂದು ಪಿಸ್ತೂಲು, ನಲವತ್ತೊಂದು ಮುಖ.

ನಿವೃತ್ತರಾಗಿ ಹಿತ್ತಿಲಲ್ಲಿ ಟೊಮೆಟೊ ಬೆಳೆಯುತ್ತಿದ್ದ ಅತ್ತೆ, ಯುದ್ಧ ಶುರುವಾದ ವಾರವೇ ಹಳೆಯ ಕುರ್ಚಿಗೆ ಮರಳಿದರು. ಮೊದಲ ಚಳಿಗಾಲದಲ್ಲಿ, ಮೂರು ದಿನ ನಿದ್ದೆಗೆಟ್ಟ ಪೊಲೀಸನೊಬ್ಬ ತಗಡು ಬಿದ್ದ ಸದ್ದಿಗೆ ಬೆಚ್ಚಿ, ಬೀದಿಯಲ್ಲಿದ್ದ ಮುದುಕನ ಎದೆಗೆ ಪಿಸ್ತೂಲು ಹಿಡಿದ. ಪುಣ್ಯಕ್ಕೆ ಗುಂಡು ಹಾರಲಿಲ್ಲ.

"ಬೆಳಿಗ್ಗೆ ಅವನ ಕಣ್ಣು ನೋಡಿದ್ದೆ. ನೋಡಿಯೂ ಕೊಟ್ಟೆ," ಎನ್ನುತ್ತಾರೆ ಅತ್ತೆ. "ತಪ್ಪು ಅವನದಲ್ಲ, ನನ್ನದು."

ಮನಶ್ಶಾಸ್ತ್ರಜ್ಞೆ ತಿಂಗಳಿಗೊಮ್ಮೆ ಬಂದು ಪ್ರಶ್ನೆಪತ್ರಿಕೆ ಹಂಚುತ್ತಾರೆ. ನಿದ್ದೆ ಬರುವುದಿಲ್ಲ ಎಂದು ಬರೆದರೆ ಕೆಲಸದಿಂದ ದೂರವಿಡುತ್ತಾರೆಂಬ ಹೆದರಿಕೆ ಎಲ್ಲರಿಗೂ. ಒಮ್ಮೆ ಇಡೀ ಠಾಣೆ ಒಬ್ಬನ ಉತ್ತರ ನೋಡಿ ಬರೆದಿತ್ತು; ಮದುವೆಯೇ ಆಗದ ಮಹಿಳಾ ಪೊಲೀಸ್ ಮರಿಚ್ಕಾಳ ಹಾಳೆಯಲ್ಲೂ "ಹೆಂಡತಿಯೊಂದಿಗೆ ಜಗಳವಿಲ್ಲ" ಎಂದಿತ್ತು. ಒಳಗೊಳಗೇ ಬೇಯುವುದು, ಹೊರಗೆ ಗಟ್ಟಿಗರಂತೆ ನಡೆಯುವುದು, ಇದೇ ಇವರ ರೋಗ.

ಸಾರ್ಜೆಂಟ್ ಮಕಾರ್ ಎಂದರೆ ಠಾಣೆಗೇ ಹೆಮ್ಮೆ. ಶೆಲ್ ಬೀಳುವ ಹಳ್ಳಿಗಳಿಂದ ಇನ್ನೂರಕ್ಕೂ ಹೆಚ್ಚು ಜನರನ್ನು ಜೀಪಿನಲ್ಲಿ ಹೊತ್ತು ತಂದವನು. ಕಳೆದ ವಸಂತದ ಒಂದು ಬೆಳಿಗ್ಗೆ ಅತ್ತೆಯ ಪ್ರಶ್ನೆಗೆ ಅವನು ಥಟ್ಟನೆ ಹೇಳಿದ, "ಯೂರ್ಕೊ ಜತೆ ಕಡುಬು ತಿಂದೆ."

ಯೂರ್ಕೊ ಕೆಲಸದಲ್ಲಿ ಅವನ ಜೋಡಿ. ಅದೇ ಜೀಪಿನಲ್ಲಿ ಸತ್ತವನು.

"ಯೂರ್ಕೊನ್ನ ಮಣ್ಣು ಮಾಡಿ ಒಂಬತ್ತು ದಿನ ಆಯ್ತು, ಮಗಾ," ಎಂದರು ಅತ್ತೆ, ಮೆಲ್ಲಗೆ.

ಮಕಾರ್ ಕಿಟಕಿಗೆ ಗುದ್ದಿದ. "ಹಳ್ಳೀಲಿ ಇಬ್ಬರು ಅಜ್ಜಿಯರು ಕಾಯ್ತಿದ್ದಾರೆ! ನನ್ನನ್ನ ಹುಚ್ಚ ಅಂತೀರಾ? ಕೊಡಿ ಇಲ್ಲಿ!"

ಅತ್ತೆ ಕೊಡಲಿಲ್ಲ. ಗಲಾಟೆಗೆ ಮುಖ್ಯಾಧಿಕಾರಿ ಇಳಿದು ಬಂದರು. "ಯಾವ ನಿಯಮದ ಪ್ರಕಾರ ತಡೀತಿದ್ದೀರಿ, ಜಿನಾಯಿದಾ ಪಿಲಿಪಿವ್ನಾ?"

"ನಿಯಮ ಇಲ್ಲ ಸಾರ್. ಬೀಗದ ಕೈ ಇದೆ. ಬೇಕಿದ್ರೆ ಅದರ ಜತೆ ನನ್ನ ಕೆಲಸಾನೂ ತಗೊಳ್ಳಿ."

ಅವರು ಮಕಾರ್‌ನ ಮುಖವನ್ನು ಒಂದು ಗಳಿಗೆ ನೋಡಿದರು. ಬೀಗದ ಕೈ ಕೇಳಲಿಲ್ಲ. ಅಜ್ಜಿಯರನ್ನು ಬೇರೆ ಜೀಪು ಕರೆತಂದಿತು. ಮಕಾರ್‌ಗೆ ಇಪ್ಪತ್ತು ದಿನ ರಜೆ, ಚಿಕಿತ್ಸೆ. ಮರಳಿದ ಮೇಲೂ ಎರಡು ತಿಂಗಳು ಅವನು ಅತ್ತೆಯ ಪ್ರಶ್ನೆಗೆ ಉತ್ತರ ಕೊಡುತ್ತಿದ್ದನೇ ಹೊರತು ಮುಖ ಕೊಟ್ಟು ಮಾತಾಡಲಿಲ್ಲ.

"ಊಟ ಸೇರ್ತಿರಲಿಲ್ಲ ನನಗೆ," ಎಂದು ಅತ್ತೆ ಒಪ್ಪಿಕೊಳ್ಳುತ್ತಾರೆ. "ಅಷ್ಟು ಒಳ್ಳೆಯವನಿಗೆ ಎಲ್ಲರೆದುರು ಅವಮಾನ ಮಾಡಿಬಿಟ್ಟೆನಲ್ಲಾ ಅಂತ."

ಕಳೆದ ಗುರುವಾರ ಮಕಾರ್‌ನ ಸರದಿ ಬಂತು. ಕಾರ್ಡು ಅವನ ಬೆರಳುಗಳ ನಡುವೆಯೇ ಉಳಿಯಿತು. ಹಿಂದೆ ಹದಿನೈದು ಜನ.

"ಇವತ್ತು ನನಗೆ ಕೊಡಬೇಡಿ, ಅತ್ತೆ," ಎಂದ, ಎಲ್ಲರಿಗೂ ಕೇಳುವ ಹಾಗೆ. "ಎರಡು ದಿನದಿಂದ ನಿದ್ದೆ ಇಲ್ಲ. ತಲೆ ಸರಿ ಇಲ್ಲ."

ಯಾರೂ ಕಿಸಕ್ಕೆನ್ನಲಿಲ್ಲ. ಹಿಂದಿದ್ದವನು ಅವನ ಭುಜ ತಟ್ಟಿ ಮುಂದೆ ಬಂದ. ಮರುದಿನ ಇನ್ನಿಬ್ಬರು ತಾವಾಗಿಯೇ ಕಾರ್ಡು ಹಿಂತೆಗೆದುಕೊಂಡರು.

ನಿಮಗೇನಾದರೂ ಪದಕ ಬಂದಿದೆಯೇ ಎಂದರೆ ಅತ್ತೆ ನಗುತ್ತಾರೆ. ಆಮೇಲೆ ಮೂಗು ಒರೆಸಿಕೊಂಡು ಹೇಳುತ್ತಾರೆ:

"ಎಲ್ಲರ ಎದುರಿಗೇ ಹೇಳಿದ ಕಣ್ರೀ. ತಲೆ ತಗ್ಗಿಸದೇ ಹೇಳಿದ."