ಪರದೆಗೆ ಟವೆಲ್ ಹೊದಿಸುವ ಮಾರ್ಲಿಸ್

ಬೆಳಗಿನ ಐದೂವರೆ. ನಮ್ಮೂರು ಡುಲೂತ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮಾರ್ಲಿಸ್ ಕಂಗಾಸ್ ಕಾಫಿ ಬಗ್ಗಿಸಿಕೊಂಡು ಬಂದು, ಅಡುಗೆಮನೆಯ ಟವೆಲನ್ನು ಕಂಪ್ಯೂಟರ್ ಪರದೆಗೆ ಹೊದಿಸುತ್ತಾರೆ. ಮೌಸ್ ಮೇಜಿನ ಡ್ರಾಯರ್ ಸೇರಿದೆ. ಕೀಬೋರ್ಡಿನ ನಾಲ್ಕು ಬಾಣದ ಕೀಗಳು, ಪರದೆಯಲ್ಲಿದ್ದುದನ್ನು ಓದಿ ಹೇಳುವ ಯಂತ್ರದ ದನಿ, ಇಷ್ಟೇ ಈಗ ಅವರ ಬಂಡವಾಳ.

"ಕಣ್ಣಿಂದ ನೋಡಿದ್ರೆ ಎಲ್ಲಾ ಸರಿಯಾಗೇ ಇದೆ ಅನ್ಸತ್ತೆ. ನಾನು ಕೆಟ್ಟಿದ್ದೇ ಹಾಗೆ" ಎನ್ನುತ್ತಾರೆ.

ಪರದೆಯ ಮೇಲೆ ಚೌಕ ಚೌಕವಾಗಿ ಮನೆಗಳಿರುತ್ತವಲ್ಲ, ತಾರೀಖು ಆರಿಸುವ ಕ್ಯಾಲೆಂಡರು, ಸಭಾಂಗಣದ ಸೀಟುಗಳ ನಕ್ಷೆ, ಇಂಥವು. ಮೌಸ್ ಬಳಸಲಾಗದವರು ಅಲ್ಲಿ ಕೀಗಳಿಂದಲೇ ಹೇಗೆ ಓಡಾಡಬೇಕು ಎಂದು ತೀರ್ಮಾನಿಸುವುದು ಮಾರ್ಲಿಸ್ ಕೆಲಸ. ಚೆನ್ನಾಗಿ ಮಾಡಿದರೆ ಯಾರಿಗೂ ಗೊತ್ತೇ ಆಗದ ಕೆಲಸ ಇದು. ಹನ್ನೊಂದು ವರ್ಷ ಅಂಚೆ ವಿಂಗಡಿಸಿ ಬಲಗೈ ಮಣಿಕಟ್ಟು ಹಾಳಾಯಿತು. ಮೌಸ್ ಹಿಡಿದರೆ ಮೊಣಕೈವರೆಗೆ ನೋವು. ಮೌಸ್ ಇಲ್ಲದೆ ನಡೆಯದ ವೆಬ್‌ಸೈಟ್ ಮಾಡಿದ್ದ ಒಂದು ಸಣ್ಣ ಕಂಪನಿಗೆ ಸಿಟ್ಟಿನಲ್ಲಿ ದೂರು ಬರೆದರೆ, ಅವರು ಕೆಲಸಕ್ಕೇ ಕರೆದರು. ಈಗ ವಯಸ್ಸು ಐವತ್ತಾರು. ದಿನಕ್ಕೆ ಸಾವಿರದ ಇನ್ನೂರು ಸಲ ಬಾಣ ಒತ್ತುತ್ತಾರೆ.

ಕ್ಯಾಲೆಂಡರಿನ ಶನಿವಾರದ ಮೇಲೆ ನಿಂತು ಬಲಬಾಣ ಒತ್ತಿದರೆ ಕೆಳಸಾಲಿನ ಭಾನುವಾರಕ್ಕೆ ಹೋಗಬೇಕು ಎಂದು ಹಟ ಹಿಡಿದು ಮಾಡಿಸಿದವರು ಅವರೇ. ಎಲ್ಲರೂ ಹೊಗಳಿದರು. ಅದೇ ಗುಂಗಿನಲ್ಲಿ ಊರಿನ ನಾಟಕ ಸಭಾಂಗಣದ ಸೀಟುಗಳಿಗೂ ಅದೇ ನಿಯಮ ಹಾಕಿಬಿಟ್ಟರು. ಶನಿವಾರವಾದ ಮೇಲೆ ಭಾನುವಾರ ಬರುತ್ತದೆ. ಕೊನೆಯ ಸೀಟಾದ ಮೇಲೆ ಬರುವುದು ಗೋಡೆ.

ಆರಿನ್ ಟ್ವೇಟ್‌ಗೆ ಎಪ್ಪತ್ತೊಂದು. ಬಂದರು ಕಚೇರಿಯಲ್ಲಿ ಫೋನ್ ನೋಡಿಕೊಳ್ಳುತ್ತಿದ್ದವರು. ಕಣ್ಣು ಕಾಣದ ಅವರು ಪ್ರತಿ ಗುರುವಾರ ಬಂದು ಮಾರ್ಲಿಸ್ ಕೆಲಸವನ್ನು ಪರೀಕ್ಷಿಸುತ್ತಾರೆ. ಎರಡು ವರ್ಷದ ಹಿಂದೆ, ಮದುವೆಯಾಗಿ ನಲವತ್ತು ವರ್ಷವಾದ ಸಂಭ್ರಮಕ್ಕೆ, ನಾಟಕದ ಟಿಕೆಟ್ ತಾವೇ ಕೊಂಡರು. ಯಂತ್ರ "ಖಾಲಿ" ಎಂದಿತು, ಆರಿಸಿದರು. ಬಲಬಾಣ ಒತ್ತಿದರು, ಮತ್ತೆ "ಖಾಲಿ" ಎಂದಿತು, ಅದನ್ನೂ ಆರಿಸಿದರು. ಒಂದು ಸೀಟು ಆರನೇ ಸಾಲಿನ ಬಲತುದಿ, ಇನ್ನೊಂದು ಏಳನೇ ಸಾಲಿನ ಎಡತುದಿ. ವೇದಿಕೆಯಲ್ಲಿ ಏನಾಗುತ್ತಿದೆ ಎಂದು ಆರಿನ್ ಕಿವಿಯಲ್ಲಿ ಪಿಸುಗುಡುವವರು ಹೆಂಡತಿ ಲವಾನ್. ಜಾಗ ಬದಲಿಸಿಕೊಡಿ ಎಂದು ಪಕ್ಕದವರನ್ನು ಕೇಳುವುದುಂಟೆ? ನಮ್ಮ ಕಡೆಯವರು ಚಳಿಯಲ್ಲಿ ಮರಗಟ್ಟಿಯಾರು, ಇನ್ನೊಬ್ಬರಿಗೆ ತೊಂದರೆ ಕೊಡಲಾರರು. ಆರಿನ್ ಎರಡೂವರೆ ಗಂಟೆ ಸುಮ್ಮನೆ ಕೂತು ಎದ್ದುಬಂದರು.

"ಬೆರಳು ಮೊಂಡಾಗಿವೆ ಕಣಮ್ಮ, ಎಲ್ಲೋ ತಪ್ಪು ಒತ್ತಿದ್ದೀನಿ" ಎಂದು ಅವರೇ ಮಾರ್ಲಿಸ್‌ಗೆ ಹೇಳಿಕೊಂಡರು. ಅಂದಿನಿಂದ ಟಿಕೆಟ್ ಕೊಳ್ಳುವುದನ್ನೇ ಬಿಟ್ಟರು. ಮಾರ್ಲಿಸ್‌ಗೆ ಹತ್ತು ನಿಮಿಷದಲ್ಲಿ ತಪ್ಪು ಸಿಕ್ಕಿತು. ಈಗ ಬಾಣ ಸಾಲಿನ ಕೊನೆಗೆ ನಿಲ್ಲುತ್ತದೆ. ಯಂತ್ರ ಸಾಲು, ಸೀಟು ಎರಡನ್ನೂ ಹೇಳುತ್ತದೆ. ಟವೆಲ್ ಶುರುವಾದದ್ದೂ ಆಗಲೇ. ಆದರೆ ಆರಿನ್ ಮುಂದೆ ಮಾತ್ರ ಅವರು ಬಾಯಿ ಬಿಡಲಿಲ್ಲ.

"ಪ್ರತಿ ಗುರುವಾರ ಲವಾನ್ ಮಾಡಿದ ನಿಂಬೆ ಬಾರ್ ಸಿಹಿತಿಂಡಿ ತಂದುಕೊಡ್ತಾರೆ. ತಿಂದಿದ್ದೀನಿ. ನಾಚಿಕೆ ಆಗತ್ತೆ. ಇದನ್ನ ಬರೆಯೋ ಹಾಗಿದ್ರೆ ಬರೀರಿ, ಇಲ್ಲಾಂದ್ರೆ ನನ್ನ ಬಗ್ಗೆ ಬರೀಲೇಬೇಡಿ" ಎಂದು ಮಾರ್ಲಿಸ್ ಪತ್ರಿಕೆಗೆ ಬರೆಯುವ ನನಗೆ ಹೇಳುತ್ತಾರೆ. ಆದರೆ ಅಚ್ಚಾಗುವ ಮುಂಚೆ ಆರಿನ್‌ಗೆ ತಾನೇ ಹೇಳಬೇಕೆಂಬುದು ಅವರ ಹಟ. ಇವತ್ತು ಗುರುವಾರ.

ಎಂಟಕ್ಕೆ ಆರಿನ್ ಬೂಟಿನ ಹಿಮ ಕೊಡವಿಕೊಂಡು ಒಳಬರುತ್ತಾರೆ. "ಏನಮ್ಮ, ಇವತ್ತು ಯಾವ ಸಂದಿಗೆ ಸಿಗಿಸ್ತೀಯ ನನ್ನ?"

ಮಾರ್ಲಿಸ್ ನಿಂತೇ ಎಲ್ಲ ಹೇಳುತ್ತಾರೆ. ಮುಖ ಕೆಂಪಾಗಿದೆ.

"ಟಿಕೆಟ್ ಮಾತು ಬಂದಾಗೆಲ್ಲ ಲವಾನ್ 'ನೀವು ಸುಮ್ನಿರಿ' ಅಂತಾಳೆ" ಎನ್ನುತ್ತಾರೆ ಆರಿನ್. "ಎರಡು ವರ್ಷದಿಂದ ಸುಮ್ನಿದ್ದೀನಿ. ನಿನಗೆ ಗೊತ್ತಿತ್ತು."

"ಗೊತ್ತಿತ್ತು. ತಪ್ಪಾಯ್ತು ಆರಿನ್."

ಇಂಥ ಮಾತಿಗೆ "ಇರಲಿ ಬಿಡಿ" ಎನ್ನುವುದು ನಮ್ಮ ಊರಿನ ವಾಡಿಕೆ. ಆರಿನ್ ಹಾಗೆನ್ನುವುದಿಲ್ಲ. "ಇದು ಶನಿವಾರ ಪೇಪರಲ್ಲಿ ಬರತ್ತಾ?" ಎಂದು ಕೇಳುತ್ತಾರೆ. ಬರುತ್ತದೆ ಎಂದು ನಾನು ಹೇಳಿದಾಗ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

"ಬರಲಿ. ನನಗೆ ಪೇಪರ್ ಓದಿ ಹೇಳೋದು ಲವಾನೇ. ತಪ್ಪು ನನ್ನದಲ್ಲ ಅಂತ ಅವಳ ಬಾಯಿಂದಲೇ ಕೇಳ್ತೀನಿ."

ನಾನು ಹೊರಡುವಾಗ ಮಾರ್ಲಿಸ್ ಬಾಗಿಲವರೆಗೆ ಬಂದು ಒಂದೇ ಒಂದು ಕೋರಿಕೆ ಇಡುತ್ತಾರೆ. "ಜಾಗ ಸಾಲದಿದ್ರೆ ನನ್ನ ಫೋಟೊ ತೆಗೆದುಹಾಕಿ. ತಪ್ಪು ಆರಿನ್‌ದಲ್ಲ ಅನ್ನೋ ಆ ಸಾಲು ಮಾತ್ರ ಬಿಡಬೇಡಿ."